ಸೌಟು ಹಿಡಿದವರಿಗೇ ಸ್ವಿಚ್ಚು

ಮಾರ್ಚ್ 3, ಸೋಮವಾರ
ಬೆರಳ ಕ್ಲಿಪ್ಪು: ಬೆಳಿಗ್ಗೆ 92, ಸಂಜೆ 93

ಈ ಊರಿಗೆ ಕರೆಂಟು ತಂದವನು ನಾನು. ಕಂಬ ನೆಟ್ಟವರು ಬೇರೆ ಇರಬಹುದು, ತಂತಿ ಎಳೆದವರೂ ಬೇರೆ ಇರಬಹುದು. ಆದರೆ ಅದನ್ನು ‘ಬಾ’ ಎಂದು ಕರೆದವನು ನಾನು. ಬಂದಿತು. ಅಂದು ದೊಡ್ಡ ದೊಡ್ಡ ಇಂಜಿನಿಯರುಗಳು ನನ್ನ ಏಣಿ ಹಿಡಿದು ನಿಂತಿದ್ದರು. ಒಬ್ಬನಂತೂ ಕೆಳಗೆ ನನ್ನ ಚಪ್ಪಲಿ ಕಾಯುತ್ತಿದ್ದ.

ಇದನ್ನೆಲ್ಲ ಇಲ್ಲಿ ಬರೆಯಬಾರದಂತೆ. ಪುಸ್ತಕ ಕೊಟ್ಟವಳು ನರ್ಸಮ್ಮ, ನಮ್ಮ ಮಹಡಿಯ ಕೋಣೆಯಲ್ಲಿರುವ ಪೇಯಿಂಗ್ ಗೆಸ್ಟು. ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ. “ಮಾಮ, ದಿನಕ್ಕೆರಡು ಸಲ ಅತ್ತೆ ಬೆರಳಿಗೆ ಈ ಕ್ಲಿಪ್ ಹಾಕಿ, ಬಂದ ಆಕ್ಸಿಜನ್ ನಂಬರ್ ಬರೀರಿ. ತೊಂಬತ್ತಕ್ಕಿಂತ ಇಳಿದ್ರೆ ನನ್ನ ಕೂಗಿ. ಬೇರೇನೂ ಬರೀಬೇಡಿ” ಎಂದಳು. ನಂಬರಿಗೆ ಒಂದು ಸಾಲು ಸಾಕು. ಮಿಕ್ಕ ಹಾಳೆ ಖಾಲಿ ಬಿಡಲು ನಾನೇನು ಸಾಹುಕಾರನೇ? ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದವನು ನಾನು. ಅಲ್ಲಿ ಸ್ಲೇಟಿನ ಎರಡೂ ಬದಿ ಬರೆಸುತ್ತಿದ್ದರು.

ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ನನ್ನ ಹೆಂಡತಿ ಇವತ್ತು ಮನೆಗೆ ಬಂದಳು. ಜೊತೆಗೆ ಒಂದು ಯಂತ್ರವೂ ಬಂತು. ಗಾಳಿ ಎಳೆದುಕೊಂಡು, ಅದರಲ್ಲಿ ಒಳ್ಳೆಯದನ್ನು ಆರಿಸಿ, ಕೊಳವೆಯಲ್ಲಿ ಇವಳ ಮೂಗಿಗೆ ಕಳಿಸುತ್ತದೆ. ಹಗಲೂ ರಾತ್ರಿ ಓಡಬೇಕು. ಕರೆಂಟು ಹೋದರೆ ಅಂತ ಪಕ್ಕದಲ್ಲಿ ಒಂದು ಪುಟ್ಟ ಸಿಲಿಂಡರು.

ಯಂತ್ರ ತಂದವನು ಗೋಡೆಯ ಪ್ಲಗ್ಗು ಬಿಚ್ಚಿ ಇಣುಕಿದ. “ಯಜಮಾನ್ರೇ, ಈ ವೈರು ತುಂಬಾ ತೆಳು. ಯಂತ್ರಕ್ಕೆ ಮೀಟರಿನಿಂದ ಬೇರೆ ಲೈನ್ ಎಳೆಸಿ” ಎಂದ.

“ಏನಪ್ಪಾ, ಮೂವತ್ತೈದು ವರ್ಷ ಮೋಟಾರು ವೈಂಡಿಂಗ್ ಮಾಡಿದ ಕೈ ಇದು. ನಾಳೆ ನಾನೇ ಎಳೀತೀನಿ” ಎಂದೆ.

ಇವಳು ಮಲಗಿದಲ್ಲಿಂದಲೇ ನನ್ನನ್ನು ನೋಡಿದಳು. ಅವನು ಹೋದ ಮೇಲೆ, “ರೀ, ಏನೇ ಆಗ್ಲಿ, ಆ ವಾರ್ಡಿಗೆ ಮಾತ್ರ ವಾಪಸ್ ಕಳಿಸ್ಬೇಡಿ. ಪಕ್ಕದ ಹಾಸಿಗೆಯವರು ಒಬ್ಬೊಬ್ಬರಾಗಿ ಖಾಲಿ ಆಗೋದು ನೋಡೋಕಾಗಲ್ಲ” ಎಂದಳು.

“ನನ್ನ ಮೀಸೆ ಮೇಲೆ ಆಣೆ” ಎಂದೆ.

“ಅದರಲ್ಲಿ ಇರೋದೇ ಹನ್ನೆರಡು ಕೂದಲು.”

ಮೂರು ಮಾತಾಡಿದರೆ ಏದುಸಿರು ಬರುತ್ತದೆ. ನಾಲ್ಕನೆಯದನ್ನು ನನ್ನ ಮೀಸೆಗೆಂದೇ ಉಳಿಸಿಟ್ಟಿರುತ್ತಾಳೆ.

ಮಾರ್ಚ್ 5, ಬುಧವಾರ
ಬೆರಳ ಕ್ಲಿಪ್ಪು: 92, 92

ಲೈನು ಎಳೆಯಲಿಲ್ಲ. ಎಳೆಯಬೇಕೆಂದರೆ ಗೋಡೆ ಒಡೆಯಬೇಕು, ಗೋಡೆ ಇರುವುದು ಇವಳ ಮಂಚದ ತಲೆಯ ಬಳಿ. ಧೂಳು ಏಳುತ್ತದೆ. ಉಸಿರಿನ ರೋಗಿಗೆ ಧೂಳು ಆಗುತ್ತದೆಯೇ? ಆದ್ದರಿಂದ ಎಳೆಯಲಿಲ್ಲ. ಕಾರಣ ಅಷ್ಟೇ.

ಅದರ ಬದಲು ಅಡುಗೆಮನೆಗೆ ಕಾನೂನು ಬರೆದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಕೆಂಪು ಶಾಯಿಯಲ್ಲಿ:

‘ಒಂದು ಹೊತ್ತಿಗೆ ಒಂದೇ ವಸ್ತು. ಸೌಟು ಹಿಡಿದವರಿಗೇ ಸ್ವಿಚ್ಚು. ಮಿಕ್ಸಿಯೋ ಕೆಟಲ್ಲೋ ಹಾಕುವ ಮೊದಲು ಫ್ರಿಜ್ಜನ್ನು ಆರಿಸತಕ್ಕದ್ದು, ಮುಗಿದ ಮೇಲೆ ಹಚ್ಚತಕ್ಕದ್ದು. ಇಂಡಕ್ಷನ್ ಒಲೆಗೆ ಅನಿರ್ದಿಷ್ಟ ಕಾಲ ರಜೆ. ಇಸ್ತ್ರಿಪೆಟ್ಟಿಗೆಯವರು ಸುಕ್ಕು ಬಟ್ಟೆಯಲ್ಲೇ ಲೋಕ ಗೆಲ್ಲಬೇಕು. ಮೀರಿದವರಿಗೆ ಮೂರು ದಿನ ನನ್ನ ಕೈಯಡುಗೆ.’

ಸೌಟಿನ ಉಪಾಯ ಹೊಸದಲ್ಲ. ನಾನು ಕೆಲಸ ಬಿಟ್ಟು, ಮನೆಯಲ್ಲಿ ಬಾಡಿಗೆಗೆ ಜನ ಇಟ್ಟುಕೊಂಡ ಮೊದಲ ವಾರವೇ ಇವಳು ಶುರು ಮಾಡಿದ್ದು. ಬಾಗಿಲ ಪಕ್ಕ ಮೊಳೆ, ಮೊಳೆಗೊಂದು ಮರದ ಸೌಟು. ಅದನ್ನು ತೆಗೆದುಕೊಂಡವರು ಮಾತ್ರ ಅಡುಗೆಮನೆಯಲ್ಲಿ ಸ್ವಿಚ್ಚು ಹಾಕಬಹುದು. ಮೊಳೆ ಖಾಲಿ ಇದ್ದರೆ ಕಾಯಬೇಕು. ಗೆಸ್ಟುಗಳಿಗೆಲ್ಲ ಇದು ನನ್ನ ತಲೆಯಿಂದ ಬಂದದ್ದು ಎಂದೇ ಹೇಳಿದ್ದೇನೆ. ಇವಳು ತಡೆದಿಲ್ಲ.

ಎರಡನೇ ಗೆಸ್ಟು ಕೆಟಲ್ ಮೇಷ್ಟ್ರು. ಶಾಲೆಯೊಂದರಲ್ಲಿ ರಜೆ ಹೋದವರ ಬದಲಿಗೆ ಲೆಕ್ಕದ ಪಾಠ ಮಾಡುತ್ತಾನೆ, ದಿನಕ್ಕೆ ಏಳು ಸಲ ಟೀ ಕುಡಿಯುತ್ತಾನೆ. ಕಾನೂನು ಓದಿ ಕನ್ನಡಕ ಒರೆಸಿಕೊಂಡ.

“ಮಾಮ, ಹಾಗಾದ್ರೆ ನನ್ನ ಟೀ?”

“ಸೌಟು ಸಿಕ್ಕಾಗ.”

“ನರ್ಸಮ್ಮ ಸೌಟು ಹಿಡ್ಕೊಂಡೇ ಫೋನಲ್ಲಿ ಮಾತಾಡ್ತಾರೆ!”

“ಮೇಷ್ಟ್ರೇ, ಅದು ಸೌಟಲ್ಲ, ರಾಜದಂಡ” ಎಂದಳು ನರ್ಸಮ್ಮ.

ಒಳಗಿನಿಂದ ಇವಳು ನಕ್ಕದ್ದು ಕೇಳಿಸಿತು. ನಗು ಮುಗಿದು ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ಮೂವರೂ ಆ ಕಡೆಗೇ ಕಿವಿಯಿಟ್ಟೆವು.

ಮಾರ್ಚ್ 9, ಭಾನುವಾರ
ಬೆರಳ ಕ್ಲಿಪ್ಪು: 91, 92

ಇವಳು ಮಲಗಿದ್ದಾಳೆ. ಮಧ್ಯಾಹ್ನ. ಯಂತ್ರ ಎಳೆಯುತ್ತದೆ, ಬಿಡುತ್ತದೆ. ಅದರ ಜೊತೆ ನನ್ನ ಉಸಿರೂ ಹೆಜ್ಜೆ ಹಾಕಲು ಶುರು ಮಾಡಿದೆ.

ತಂತಿಯ ವಿಷಯ ಬರೆದುಬಿಡುತ್ತೇನೆ. ಈ ಪುಸ್ತಕ ಯಾರು ಓದುತ್ತಾರೆ?

ಈ ಮನೆ ಕಟ್ಟಿದ ವರ್ಷ ವೈರಿಂಗಿಗೆ ಕೈಯಲ್ಲಿ ಏನೂ ಇರಲಿಲ್ಲ. ಇವಳು ದರ್ಜಿ ಅಂಗಡಿಗೆ ಕಾಜಾ ಹೊಲಿದು ಕೊಡುತ್ತಿದ್ದಳು. ಅಂಗಿಯಲ್ಲಿ ಗುಂಡಿ ತೂರಿಸುವ ತೂತು ಇರುತ್ತದಲ್ಲ, ಅದರ ಅಂಚಿಗೆ ಕೈಹೊಲಿಗೆ. ನಾಲ್ಕು ಕಾಜಾ ಹೊಲಿದರೆ ಒಂದು ರೂಪಾಯಿ ಸಿಗುತ್ತಿತ್ತು. ಅದನ್ನು ಪೌಡರ್ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಒಂದು ಶನಿವಾರ ಡಬ್ಬಿ ಬೋರಲು ಹಾಕಿ ನನ್ನ ಟವಲಿನಲ್ಲಿ ಗಂಟು ಕಟ್ಟಿ, “ದಪ್ಪ ತಂತಿ ತನ್ನಿ, ಮನೆ ಬೇಕಾದಷ್ಟು ವರ್ಷ ಬಾಳ್ಲಿ” ಎಂದಳು. ನೋಟುಗಳಿಗೆಲ್ಲ ಪೌಡರಿನ ವಾಸನೆ.

ತಂತಿ ಅಂಗಡಿಗೆ ಹೋಗುವ ದಾರಿಯಲ್ಲೇ ನಮ್ಮ ವರ್ಕ್‌ಶಾಪು. ಅದರ ಹಿಂದೆ ಇಸ್ಪೀಟು. ಒಂದಾಟ ಆಡಿ, ದುಪ್ಪಟ್ಟು ಮಾಡಿ, ತಂತಿಯ ಜೊತೆ ಅವಳಿಗೊಂದು ಹೊಲಿಗೆ ಯಂತ್ರವನ್ನೂ ತರೋಣ ಅಂತ ಕೂತೆ. ಸ್ವಲ್ಪ ಹೋಯಿತು. ಐವತ್ತೋ ನೂರೋ. ಉಳಿದದ್ದರಲ್ಲಿ ತೆಳು ತಂತಿ ಬಂತು.

“ಇದೇನು ಇಷ್ಟು ಸಣ್ಣ?” ಅಂದಳು.

“ನಿನಗೇನು ಗೊತ್ತು! ಸಣ್ಣ ಕೊಳವೆಯಲ್ಲಿ ನೀರು ರಭಸವಾಗಿ ಬರೋದಿಲ್ವಾ? ಹಾಗೇ ಕರೆಂಟು. ದಪ್ಪ ತಂತಿಯಲ್ಲಿ ಅದು ಸೋಮಾರಿ ಆಗಿಬಿಡುತ್ತೆ” ಅಂದೆ.

ನಂಬಿದಳು. ನನ್ನ ಮಾತಿನ ಬಲ ಅಂಥದ್ದು. ಆಮೇಲೆ ಫ್ರಿಜ್ ಬಂತು, ಮಿಕ್ಸಿ ಬಂತು. ಎರಡೂ ಒಟ್ಟಿಗೆ ಓಡಿದರೆ ಫ್ಯೂಸ್ ಹಾರುತ್ತಿತ್ತು. ಇವಳು ಮಿಕ್ಸಿ ಹಾಕುವ ಮೊದಲು ಫ್ರಿಜ್ಜಿನ ಸ್ವಿಚ್ಚು ಆರಿಸಿ, “ಅದಕ್ಕೂ ಒಂಚೂರು ವಿಶ್ರಾಂತಿ ಬೇಡ್ವಾ” ಎನ್ನುತ್ತಿದ್ದಳು. ಇಪ್ಪತ್ತೇಳು ವರ್ಷ ಫ್ರಿಜ್ಜಿಗೆ ದಿನಕ್ಕೆರಡು ಸಲ ವಿಶ್ರಾಂತಿ ಕೊಟ್ಟಿದ್ದಾಳೆ. ತಾನು ಎಷ್ಟು ತೆಗೆದುಕೊಂಡಳೋ ತಿಳಿಯದು.

ಗೋಡೆ ಒಡೆದರೆ ಆ ತಂತಿ ಅವಳ ಕಣ್ಣ ಮುಂದೆಯೇ ಹೊರಗೆ ಬರುತ್ತದೆ.

ಧೂಳೂ ಏಳುತ್ತದೆ, ಅದೂ ನಿಜ.

ಮಾರ್ಚ್ 14, ಶುಕ್ರವಾರ
ಬೆರಳ ಕ್ಲಿಪ್ಪು: 94, 94

ತೊಂಬತ್ತನಾಲ್ಕು! ನನ್ನ ಆರೈಕೆ ಅಂದರೆ ಆರೈಕೆ. ಡಾಕ್ಟರುಗಳು ಬಂದು ನನ್ನಿಂದ ಕಲಿಯಬೇಕು.

ಉದ್ದದ ಕೊಳವೆ ಹಾಕಿ ಇವಳನ್ನು ಅಡುಗೆಮನೆಯ ಕುರ್ಚಿಯವರೆಗೆ ಕರೆತಂದೆ. ಮೇಷ್ಟ್ರು ಮೊಟ್ಟೆ ಬೇಯಿಸುತ್ತಿದ್ದ. ಗ್ಯಾಸ್ ಒಲೆಗೆ ಸೌಟು ಬೇಕಿಲ್ಲ, ಆದರೂ ಭಯಕ್ಕೆ ಹಿಡಿದುಕೊಂಡೇ ನಿಂತಿದ್ದ.

“ಮೇಷ್ಟ್ರೇ, ಮದುವೆ ಯಾವಾಗ?” ಎಂದಳು ಇವಳು.

“ಅತ್ತೆ, ನನಗೆ ಕೆಲಸವೇ ಬೇರೆಯವರ ಬದಲಿಗೆ ಸಿಗೋದು. ಹೆಣ್ಣು ಹೇಗೆ ಸಿಗುತ್ತೆ?”

“ಯಾರಾದ್ರೂ ರಜೆ ಹಾಕ್ತಾರೆ ಬಿಡು.”

ಇಷ್ಟು ನಕ್ಕದ್ದು ಬಹಳ ದಿನಗಳ ಮೇಲೆ. ನರ್ಸಮ್ಮ ಬಂದು, ನಗಿಸಬೇಡಿ ಎಂದು ನಮ್ಮಿಬ್ಬರಿಗೂ ಬೈದು, ತಾನೂ ನಕ್ಕಳು.

ಇವಳು ಏಳುವಾಗ ಸುಮ್ಮನೆ ಫ್ರಿಜ್ಜಿನ ಬಾಗಿಲ ಮೇಲೆ ಕೈಯಿಟ್ಟಳು. ಹಸುವಿನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದಳು.

“ಲೈನು ಎಳೀತೀನಿ ಅಂದಿದ್ರಲ್ಲ?”

“ಮುಂದಿನ ವಾರ. ಸಾಮಾನು ಬರಬೇಕು.”

“ಹ್ಞೂಂ” ಎಂದಳು.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಹನ್ನೊಂದಕ್ಕೆ ಫ್ಯೂಸ್ ಹಾರಿತು. ಮೇಷ್ಟ್ರು ಕೆಟಲ್ ಆರಿಸದೆ ಬಿಟ್ಟಿದ್ದ. ಅವನದೇ ತಪ್ಪು. ಎಷ್ಟು ಸಲ ಹೇಳಿದ್ದೆ. ಇವಳನ್ನು ಆಸ್ಪತ್ರೆಗೆ ಸೇರಿಸಿದೆವು. ನಾಲ್ಕು ದಿನದ ಮಾತು ಅಷ್ಟೇ.

ಮಾರ್ಚ್ 20, ಗುರುವಾರ

ಮೇಷ್ಟ್ರ ತಪ್ಪಲ್ಲ.

ನಿನ್ನೆ ಇವಳು, “ಕಾಲು ತಣ್ಣಗಾಗ್ತಿದೆ ರೀ” ಎಂದಳು. ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ಕಾಲಬಳಿ ಇಡೋಣ ಅಂದುಕೊಂಡೆ. ಅಡುಗೆಮನೆಗೆ ಹೋದರೆ ಮೊಳೆ ಖಾಲಿ. ನರ್ಸಮ್ಮ ಸೌಟು ಕಂಕುಳಲ್ಲಿ ಸಿಕ್ಕಿಸಿಕೊಂಡು, ಫ್ರಿಜ್ ಆರಿಸಿ, ಇವಳಿಗೆಂದೇ ತರಕಾರಿ ಬೇಯಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡುತ್ತಿದ್ದಳು. ಗ್ಯಾಸ್ ಒಲೆಯ ಮೇಲೆ ಇನ್ನೂ ಒಂದು ಪಾತ್ರೆ. ಎರಡು ನಿಮಿಷ ಕಾದಿದ್ದರೆ ಆಗುತ್ತಿತ್ತು.

ನನ್ನ ಮನೆ, ನಾನೇ ಎಳೆದ ವೈರು, ನನಗೆ ಯಾವ ಸೌಟು? ನರ್ಸಮ್ಮನ ಬೆನ್ನ ಹಿಂದಿನ ಶೆಲ್ಫಿನಿಂದ ಮೇಷ್ಟ್ರ ಕೆಟಲ್ ತೆಗೆದುಕೊಂಡು ಹೋಗಿ ಇವಳ ಮಂಚದ ಪಕ್ಕದ ಪ್ಲಗ್ಗಿಗೇ ಚುಚ್ಚಿದೆ, ಯಂತ್ರದ ಪಕ್ಕದ ತೂತಿಗೆ.

ಇವಳು ಕೈ ಎತ್ತಿದಳು. ಬೇಡ ಎನ್ನಲೋ, ಏನೋ. ನಾನು, “ನೀನು ಸುಮ್ಮನಿರು, ಇದು ನನ್ನ ಡಿಪಾರ್ಟ್‌ಮೆಂಟು” ಎಂದೆ.

ನೀರು ಗುಂಯ್ ಎನ್ನಲು ಶುರುವಾಗಿತ್ತು. ಆಮೇಲೆ ಎಲ್ಲ ಒಟ್ಟಿಗೇ ನಿಂತಿತು. ಮಿಕ್ಸಿ, ಫ್ಯಾನು, ಯಂತ್ರ. ಯಂತ್ರ ಕೀಂ ಕೀಂ ಎಂದು ಕೂಗಲು ತೊಡಗಿತು.

ನರ್ಸಮ್ಮ ಓಡಿಬಂದು ಸಿಲಿಂಡರಿಗೆ ಕೊಳವೆ ಹಾಕಿದಳು. ಅದರ ಕೀಲಿ ತಿರುಗಲಿಲ್ಲ, ತಿರುಪಿ ತಿರುಪಿ ಅವಳ ಅಂಗೈ ಸುಲಿಯಿತು. ನಾನು ಫ್ಯೂಸ್ ಕಟ್ಟಲು ಓಡಿದೆ. ಸಾವಿರಾರು ಮೋಟಾರು ಸುತ್ತಿದ ಈ ಕೈಗೆ ಕೂದಲೆಳೆಯಷ್ಟು ತಂತಿ ಹಿಡಿಯಲಾಗಲಿಲ್ಲ. ಮೂರು ಸಲ ಕೆಳಗೆ ಬಿತ್ತು. ಶಾಲೆಗೆ ರಜೆ ಇದ್ದ ಮೇಷ್ಟ್ರು ಮಹಡಿಯಿಂದ ಇಳಿದು ಬಂದು, ನನ್ನ ಕೈಯಿಂದ ತೆಗೆದುಕೊಂಡು ಕಟ್ಟಿದ. ಆ ನಡುವೆ ನಾನು ಏನು ಮಾಡಿದೆ? ಇವಳ ಹತ್ತಿರ ಹೋಗಿ, ಕೀಲಿಯ ಜೊತೆ ಗುದ್ದಾಡುತ್ತಿದ್ದ ನರ್ಸಮ್ಮನಿಗೆ ಕಾಣದ ಹಾಗೆ ಕೆಟಲನ್ನು ಕಿತ್ತು, ಅಡುಗೆಮನೆಯ ಶೆಲ್ಫಿನಲ್ಲಿ ಅದರ ಜಾಗದಲ್ಲಿ ಇಟ್ಟೆ. ಇವಳ ತುಟಿ ನೀಲಿಯಾಗುತ್ತಿದ್ದಾಗ ನಾನು ಅದನ್ನು ಮಾಡಿದೆ.

ಒಟ್ಟು ಒಂಬತ್ತು ನಿಮಿಷ. ಕ್ಲಿಪ್ಪಿನಲ್ಲಿ 71 ಇತ್ತು. ಅದನ್ನು ನಿನ್ನೆ ಬರೆಯಲಿಲ್ಲ.

ಆಂಬುಲೆನ್ಸ್ ಬರುವಾಗ ನರ್ಸಮ್ಮ ಕೆಟಲ್ ಮುಟ್ಟಿ, “ಇದು ಬಿಸಿ ಇದೆ! ಯಾರು ಹಾಕಿದ್ದು?” ಎಂದಳು.

ಮೇಷ್ಟ್ರು ಬಿಳಿಚಿಕೊಂಡ. “ನಾನು... ಹತ್ತು ಗಂಟೆಗೆ ಟೀ ಮಾಡಿದ್ದೆ. ಆರಿಸಿದ್ದೆ ಅನ್ಸುತ್ತೆ. ಮರೆತೆನೇನೋ. ಮಾಮ, ಮರೆತೆನೇನೋ...”

ಸ್ಟ್ರೆಚರಿನಿಂದ ಇವಳು ನನ್ನ ಕಡೆ ನೋಡಿದಳು. ನಾನು ಮೇಷ್ಟ್ರ ಕಡೆ ನೋಡಿದೆ.

ಡಾಕ್ಟರು ಹೇಳಿದ್ದಾರೆ, ವೈರಿಂಗ್ ಸರಿಯಾಗುವ ತನಕ ಮನೆಗೆ ಕಳಿಸುವುದಿಲ್ಲ. ಅದೇ ವಾರ್ಡು. ಕಿಟಕಿಯಿಂದ ಮೂರನೇ ಹಾಸಿಗೆ.

ಮಾರ್ಚ್ 21, ಶುಕ್ರವಾರ

ಎಲೆಕ್ಟ್ರಿಷಿಯನ್ ಬಂದ. ಬೇರೆಯವನು ನನ್ನ ಮನೆಯ ಗೋಡೆಗೆ ಉಳಿ ಇಟ್ಟ. ತಂತಿ ಎಳೆದು ಕೈಯಲ್ಲಿ ಹಿಡಿದು, “ಯಾವ ಕತ್ತೆ ಮಾಡಿದ ವೈರಿಂಗ್ ಇದು? ಇಷ್ಟು ವರ್ಷ ಈ ಮನೆ ಸುಟ್ಟುಹೋಗದೇ ಇದ್ದದ್ದೇ ಪುಣ್ಯ” ಎಂದ.

ಮೇಷ್ಟ್ರು, “ಯಾರೋ ಕಂಟ್ರಾಕ್ಟರು ಮೋಸ ಮಾಡಿದ್ನಂತೆ” ಎಂದುಬಿಟ್ಟ. ನನ್ನ ಮರ್ಯಾದೆ ಕಾಯಲು. ನಾನು ಹ್ಞೂಂ ಅಂದೆ.

ಸಂಜೆ ಆಸ್ಪತ್ರೆ. ಇವಳ ಮುಖಕ್ಕೆ ದೊಡ್ಡ ಆಕ್ಸಿಜನ್ ಮಾಸ್ಕು ಹಾಕಿದ್ದಾರೆ. ಮಾತಾಡಬೇಕಾದರೆ ಸರಿಸಬೇಕು, ಸರಿಸಿದರೆ ಅಲ್ಲಿನ ಸಿಸ್ಟರು ಗದರುತ್ತಾಳೆ. ಇವಳು ಎರಡು ಸಲ ಸರಿಸಿದಳು.

ಮೊದಲ ಸಲ: “ಮೇಷ್ಟ್ರಿಗೆ ಹೇಳಿದ್ರಾ?”

“ಹೇಳ್ತೀನಿ.”

“ಪಾಪದವನು. ಹೇಳಿ.”

ಎರಡನೇ ಸಲ ಬಹಳ ಹೊತ್ತಾದ ಮೇಲೆ. “ಗೋಡೆ ಒಡೆದ್ರಾ?”

“ಹ್ಞೂಂ.”

“ಗೋಡೆ ಮುಚ್ಚೋ ಮುಂಚೆ ಅವತ್ತೇ ನೋಡಿದ್ದೆ ಆ ತಂತಿ. ನನ್ನ ಕಾಜಾ ದಾರಕ್ಕಿಂತ ಒಂಚೂರು ದಪ್ಪ.” ಉಸಿರು ಎಳೆದುಕೊಂಡಳು. “ಅಷ್ಟಕ್ಕೆ ಅಷ್ಟು ಖರ್ಚಾಗಲ್ಲ. ನಿಮ್ಮ ವರ್ಕ್‌ಶಾಪಿನವರು ಅದೇ ತಿಂಗಳು ಹೊಸ ಸೈಕಲ್ ತಗೊಂಡ್ರು. ನಾನೇನು ದಡ್ಡಿನಾ?”

ನಾನು ಹೊದಿಕೆಯ ಅಂಚು ಸರಿಮಾಡಿದೆ. ಯಾವ ಸುಳ್ಳೂ ಸಮಯಕ್ಕೆ ಬರಲಿಲ್ಲ.

“ಕೋಪ ಇಲ್ಲ. ಎಷ್ಟು ಹೋಯ್ತು ಅನ್ನೋದು ಒಂದು ಗೊತ್ತಾಗ್ಲಿಲ್ಲ. ಎಷ್ಟು ರೀ?”

“ಮುನ್ನೂರು” ಅಂದೆ.

ಅವಳು ನೋಡುತ್ತಲೇ ಇದ್ದಳು. ಆಮೇಲೆ ಕಣ್ಣಲ್ಲೇ ನಕ್ಕಳು. “ಅಷ್ಟೇನಾ” ಎಂದು ಮಾಸ್ಕನ್ನು ತಾನೇ ಹಾಕಿಕೊಂಡಳು.

ನಾಳೆ ಹೇಳುತ್ತೇನೆ. ನಾಳೆ ಸಿಸ್ಟರು ಬದಲಾಗುತ್ತಾಳೆ, ಇವಳು ಸ್ವಲ್ಪ ಗೆಲುವಾಗಿರುತ್ತಾಳೆ. ಆಗ ಸರಿಯಾದ ಲೆಕ್ಕ ಹೇಳಿ, ಕಿವಿ ಹಿಡಿದುಕೊಂಡು, ಬೈಸಿಕೊಂಡು ಬರುತ್ತೇನೆ.

ಮಾರ್ಚ್ 22, ಶನಿವಾರ

ಇವಳಿಗೆ ಎಚ್ಚರವಿರಲಿಲ್ಲ. ಇಡೀ ದಿನ ಪಕ್ಕದಲ್ಲಿ ಕೂತಿದ್ದೆ. ಕಾಲು ತಣ್ಣಗಿತ್ತು. ಎರಡು ಕೈಯಲ್ಲಿ ಹಿಡಿದುಕೊಂಡಿದ್ದೆ.

ಮಾರ್ಚ್ 23, ಭಾನುವಾರ
ಬೆರಳ ಕ್ಲಿಪ್ಪು:

ಏಪ್ರಿಲ್ 2, ಬುಧವಾರ

ಯಂತ್ರದವನು ಬಂದು ಯಂತ್ರ ತೆಗೆದುಕೊಂಡು ಹೋದ. ಹೋಗುವಾಗ ಹೊಸ ಪ್ಲಗ್ಗು ನೋಡಿ, “ಈಗ ಸರಿಯಾಗಿದೆ ನೋಡಿ ಯಜಮಾನ್ರೇ” ಎಂದ.

ಮೇಷ್ಟ್ರು ಸಂಜೆ ನನ್ನೆದುರು ಬಂದು ನಿಂತ. ಗಡ್ಡ ಬಂದಿದೆ. ಟೀ ಬಿಟ್ಟಿದ್ದಾನಂತೆ, ನರ್ಸಮ್ಮ ಹೇಳಿದಳು.

“ಮಾಮ, ನಾನು ಕೋಣೆ ಖಾಲಿ ಮಾಡ್ತೀನಿ. ನಿಮ್ಮ ಮುಖ ನೋಡೋಕೆ ಆಗ್ತಿಲ್ಲ.”

“ಕೂತ್ಕೋ.”

“ಬೇಡ ಮಾಮ.”

“ಕೆಟಲ್ ಹಾಕಿದ್ದು ನಾನು” ಎಂದೆ. “ನಿನ್ನದಲ್ಲ. ನಾನು ತಗೊಂಡೆ, ಅವಳ ಮಂಚದ ಹತ್ತಿರ ಹಾಕಿದೆ, ಆಮೇಲೆ ತಂದು ನಿನ್ನ ಜಾಗದಲ್ಲಿ ಇಟ್ಟೆ.”

ಲೆಕ್ಕದ ಮೇಷ್ಟ್ರು ಬಾಯಲ್ಲೇ ಎಣಿಸಿಕೊಂಡ.

“ಹದಿನಾಲ್ಕು ದಿನ” ಎಂದ. “ಹದಿನಾಲ್ಕು ದಿನದಿಂದ ನಾನು ಕೊಲೆಗಾರ ಅಂದ್ಕೊಂಡು ಓಡಾಡ್ತಿದ್ದೀನಿ ಮಾಮ. ಅತ್ತೆನ ಹೊತ್ಕೊಂಡು ಹೋಗುವಾಗ ಒಂದು ಕೈ ಕೊಡೋಕೂ ನನಗೆ ಯೋಗ್ಯತೆ ಇಲ್ಲ ಅಂತ ಗೇಟಿನ ಹೊರಗೆ ನಿಂತಿದ್ದೆ. ನೀವು ನೋಡಿದ್ರಿ. ನನ್ನನ್ನ ನೋಡಿದ್ರಿ ನೀವು!”

“ನೋಡಿದ್ದೆ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಲೆ ಹೋಗಿ ಒಂದು ಗಂಟೆಯಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಇಳಿದ. ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟ.

“ಕೆಟಲ್ಲು?” ಎಂದೆ.

“ನೀವೇ ಇಟ್ಕೊಳ್ಳಿ.”

ಏಪ್ರಿಲ್ 6, ಭಾನುವಾರ

ಕ್ಯಾಲೆಂಡರಿನ ಹಿಂದೆ ಬರೆದ ಕಾನೂನನ್ನು ಗೋಡೆಯಿಂದ ತೆಗೆದೆ. ನರ್ಸಮ್ಮ ಡ್ಯೂಟಿ ಮುಗಿಸಿ ಬಂದು ಬರಿಗೋಡೆ ನೋಡಿದಳು. ಅಂಗೈಯ ಗಾಯ ಒಣಗಿದೆ. ಮೇಷ್ಟ್ರು ಯಾಕೆ ಹೋದ ಎಂದು ಅವಳಿಗೂ ಹೇಳಿದ್ದೇನೆ. ಅಂದಿನಿಂದ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಈ ತಿಂಗಳ ಕೊನೆಗೆ ಆಸ್ಪತ್ರೆಯ ಹತ್ತಿರ ಮನೆ ನೋಡಿದ್ದಾಳಂತೆ.

“ಈಗ ಎಲ್ಲಾ ಒಟ್ಟಿಗೇ ಹಾಕಬಹುದಾ?” ಎಂದು ಕೇಳಿದಳು.

“ಹಾಕು.”

ಫ್ರಿಜ್ ಓಡುತ್ತಿತ್ತು. ಅವಳು ಇಂಡಕ್ಷನ್ ಒಲೆ ಹಚ್ಚಿದಳು. ಮಿಕ್ಸಿಗೆ ಏನನ್ನೋ ಹಾಕಿ ತಿರುವಿದಳು. ನಾನು ಕೆಟಲಿಗೆ ನೀರು ತುಂಬಿ ಗುಂಡಿ ಒತ್ತಿದೆ. ಅಡುಗೆಮನೆಯ ತುಂಬ ಸದ್ದು. ದೀಪ ಒಮ್ಮೆಯೂ ಮಂಕಾಗಲಿಲ್ಲ. ಒಂದೂ ನಿಲ್ಲಲಿಲ್ಲ. ಎಲ್ಲವೂ ಓಡುತ್ತಲೇ ಇದ್ದವು. ನಿಲ್ಲಲಿ, ಒಂದಾದರೂ ನಿಲ್ಲಲಿ ಎಂದು ನಾನು ಕಾಯುತ್ತಿದ್ದೆ.

ಆಗ ನೋಡಿದೆ, ನರ್ಸಮ್ಮನ ಕಂಕುಳಲ್ಲಿ ಸೌಟು ಇತ್ತು. ಮೊಳೆಯಿಂದ ಯಾವಾಗ ತೆಗೆದುಕೊಂಡಳೋ ಅವಳಿಗೇ ಗೊತ್ತಿರಲಿಲ್ಲ. ನಾನು ನೋಡಿದ್ದು ಕಂಡು ಅದನ್ನು ಕೈಗೆ ತೆಗೆದುಕೊಂಡಳು. ಎಲ್ಲ ಆರಿಸಿ, ಸೌಟನ್ನು ತೊಳೆದು, ಒರೆಸಿ, ಮೊಳೆಗೆ ಹಾಕಿ ಮೇಲೆ ಹೋದಳು.

ನನ್ನ ಕಾಲು ತಣ್ಣಗಾಗಿರಲಿಲ್ಲ, ಆದರೂ ಚೀಲಕ್ಕೆ ಬಿಸಿನೀರು ತುಂಬಿದೆ. ಮಂಚದ ಕಾಲುಭಾಗದಲ್ಲಿ ಇಟ್ಟೆ.

ಈ ಪುಸ್ತಕದ ಆರಂಭದಲ್ಲಿ ಏಣಿ ಹಿಡಿದ ಇಂಜಿನಿಯರುಗಳು ಇದ್ದಾರೆ. ಅವರು ಯಾರೂ ಇರಲಿಲ್ಲ. ಈ ಮನೆಗೆ ತಂತಿ ಎಳೆದ ದಿನ ಏಣಿ ಹಿಡಿದವಳು ಇವಳು. ಕೆಳಗೆ ನಿಂತು, ಕತ್ತೆತ್ತಿ ಆ ತಂತಿಯನ್ನೇ ನೋಡುತ್ತಾ, “ಹುಷಾರು ರೀ, ಬೀಳ್ತೀರಿ” ಎನ್ನುತ್ತಿದ್ದಳು.

ಐವತ್ತೋ ನೂರೋ ಅಲ್ಲ. ಮುನ್ನೂರಲ್ಲ. ಟವಲಿನ ಗಂಟಿನಲ್ಲಿ ಇದ್ದದ್ದು ಎರಡು ಸಾವಿರದ ನೂರು. ತಂತಿಗೆ ಕೊಟ್ಟದ್ದು ಇನ್ನೂರ ನಲವತ್ತು. ನಾನು ಕಳೆದದ್ದು ಸಾವಿರದ ಎಂಟುನೂರ ಅರವತ್ತು.

ಏಳು ಸಾವಿರದ ನಾನೂರ ನಲವತ್ತು ಕಾಜಾ.